ಐತವಾರದ ಬೀಗ

ಶನಿವಾರ ಸಂಜೆ ಏಳು ಹೊಡೆಯಿತೆಂದರೆ ನಿವೃತ್ತ ನರ್ಸ್ ಮಾರ್ಗರೆಟ್ ಸಿಸ್ಟರ್ ತಮ್ಮ ಮನೆಯ ಮುಂಗೋಣೆಗೆ ಬೀಗ ಹಾಕುತ್ತಿದ್ದರು. ಹಾಕಿದ ಬೀಗವನ್ನು ಎರಡು ಸಲ ಜಗ್ಗಿ ನೋಡಿ, ಕೀಲಿಯನ್ನು ಬೈಬಲ್ ಇಡುವ ಚೀಲದೊಳಗೆ ಹಾಕಿಕೊಳ್ಳುತ್ತಿದ್ದರು. ಅದು ಮತ್ತೆ ಹೊರಗೆ ಬರುವುದು ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆಯೇ. ನಡುವೆ ಎಂಥ ದೊಡ್ಡ ಮನುಷ್ಯ ಬಂದು ಬಾಗಿಲು ಬಡಿದರೂ ಉತ್ತರ ಒಂದೇ. "ಇವತ್ತು ಐತವಾರರಿ. ಮಷೀನ್ ಇಲ್ಲ."

ಮುಂಗೋಣೆಯಲ್ಲಿದ್ದದ್ದು ಬ್ಯಾನರ್ ಮುದ್ರಿಸುವ ಮಷೀನು. ಗೋಡೆಯಿಂದ ಗೋಡೆಗೆ ಹತ್ತು ಅಡಿ ಅಗಲ. ಭಾಲ್ಕಿಯ ಆ ಓಣಿಯಲ್ಲಿ ಅದನ್ನು ಇಳಿಸಿದ ದಿನ ಕಿಟಕಿಯ ಚೌಕಟ್ಟು ಕಿತ್ತು ಒಳಗೆ ತರಬೇಕಾಯಿತು. ಸಿಸ್ಟರ ಗಂಡ, ಮಿಶನ್ ಸಾಲಿಯ ನಿವೃತ್ತ ಮಾಸ್ತರರಾದ ತಿಮೋಥಿಯವರು ಕುರ್ಚಿ ಹಾಕಿಕೊಂಡು ಕುಳಿತು ನೋಡಿ, "ಬೈಬಲ್ಲಿನ ಒಂಟೆ ಸೂಜಿಗಣ್ಣಾಗ ಹಾದು ಬಂತು ನೋಡ್ರಿ" ಎಂದಿದ್ದರು.

ಮಷೀನು ತಂದವಳು ಸೊಸೆ ಜೆಮಿಮಾ. ಆಕೆ ಒಂಬತ್ತು ವರ್ಷ ಬೀದರಿನ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ಬಿಚ್ಚಿ ತೋರಿಸಿ, ಮತ್ತೆ ಮಡಚಿ ಇಡುವ ಕೆಲಸ ಮಾಡಿದ್ದಳು. ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೋದರೆ ಮನೆ ಸೇರುವಾಗ ಎಲ್ಲರ ಊಟ ಮುಗಿದಿರುತ್ತಿತ್ತು. ಅಲ್ಲಿ ಕುಳಿತುಕೊಳ್ಳಲು ಒಂದು ಸ್ಟೂಲೂ ಇರಲಿಲ್ಲ. ಅಂಗಡಿಯ ಮಗ್ಗುಲಲ್ಲೇ ಬ್ಯಾನರ್ ಮುದ್ರಿಸುವವರಿದ್ದರು. ಮಧ್ಯಾಹ್ನದ ಬಿಡುವಿನಲ್ಲಿ ಅಲ್ಲಿ ನಿಂತು ನಿಂತೇ ಆಕೆ ಕೆಲಸ ಕಲಿತಳು. ಅವರು ಹಳೆ ಮಷೀನು ಮಾರುತ್ತಾರೆ ಎಂದಾಗ ಮನೆಯವರೆಲ್ಲ ದುಡ್ಡು ಕೂಡಿಸಿದರು. ಜಾಗ ಬೇಕಿತ್ತು. ಮನೆ ಸಿಸ್ಟರದು. ಮುಂಗೋಣೆಯಲ್ಲಿ ತಿಂಗಳಿಗೆರಡು ಸಲ ಪ್ರಾರ್ಥನೆಯ ಕೂಟ ನಡೆಯುತ್ತಿತ್ತು. ಕೂಟದ ಹೆಂಗಸರು ಮೂಗು ಮುರಿದರೂ ಸಿಸ್ಟರು ಜಮಖಾನೆ ಸುತ್ತಿ ಕೋಣೆ ಬಿಟ್ಟುಕೊಟ್ಟರು.

"ಕೋಣಿ ಕೊಡ್ತೇನಿ ಜೆಮಿಮಾ. ಆದ್ರ ಐತವಾರ ಕರ್ತನದು. ಅವತ್ತು ಕೀಲಿ ನನ್ನ ಹತ್ರ."

"ಆಗಲಿರಿ ಅತ್ತಿ" ಎಂದು ಜೆಮಿಮಾ ಒಪ್ಪಿದ್ದಳು. ಸ್ಟೂಲು ಸಿಕ್ಕವಳಿಗೆ ಒಂದು ದಿನದ ಬೀಗ ಏನು ಮಹಾ.

ಆದರೆ ಮಷೀನು ಯಾವ ಚರ್ಚಿನ ಸಭೆಗೂ ಸೇರಿದ್ದಲ್ಲ. ಅದರಲ್ಲಿ ನಾಲ್ಕು ಬಣ್ಣಕ್ಕೆ ಶಾಯಿ ಚಿಮ್ಮುವ ನಾಲ್ಕು ಹೆಡ್ಡು, ಒಂದೊಂದು ಹೆಡ್ಡಿನ ತಳಕ್ಕೆ ಕಣ್ಣಿಗೆ ಕಾಣದ ನೂರಾರು ತೂತು. ಶಾಯಿ ಒಣಗಿದರೆ ತೂತು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಕೆಲಸ ಮುಗಿದ ಮೇಲೆ ಹೆಡ್ಡುಗಳು ಹಸಿ ಸ್ಪಂಜಿನ ಮೇಲೆ ಕೂರಬೇಕು. ದಿನಕ್ಕೊಮ್ಮೆ ಸ್ವಲ್ಪ ಶಾಯಿ ಬಿಟ್ಟು ಒರೆಸಿ, ಒಂದು ಟೆಸ್ಟ್ ತೆಗೆಯಬೇಕು. ಟೆಸ್ಟ್ ಎಂದರೆ ಎಳೆ ಎಳೆಯಾದ ಗೆರೆಗಳು, ತೂತಿಗೊಂದು ಗೆರೆ. ಗೆರೆ ಕಾಣದಿದ್ದರೆ ಆ ತೂತು ಕಟ್ಟಿತೆಂದು ಲೆಕ್ಕ. ಮಷೀನು ಕೂರಿಸಲು ಬೀದರಿನಿಂದ ಬಂದ ಮೆಕ್ಯಾನಿಕ್ ಮಕ್ಸೂದ ಮೊದಲ ದಿನವೇ ಹೇಳಿದ್ದ.

"ಅಕ್ಕಾ, ಇದು ಎಮ್ಮಿ ಇದ್ದಂಗ. ಹಾಲು ಮಾರಾಟ ಆಗಲಿ ಬಿಡಲಿ, ದಿನಾ ಹಿಂಡಬೇಕು."

ಐತವಾರ ಹಿಂಡದ ಎಮ್ಮೆ ಸೋಮವಾರ ಒದೆಯುತ್ತಿತ್ತು. ನಾಲ್ಕೈದು ಗೆರೆ ನಾಪತ್ತೆ. ಜೆಮಿಮಾ ಅರ್ಧ ತಾಸು ತೊಳೆದು, ಒರೆಸಿ, ಮತ್ತೆ ತೊಳೆದು ದಾರಿಗೆ ತರುತ್ತಿದ್ದಳು. ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಬಾಯಿ ಬಿಡುತ್ತಿದ್ದವನು ಗಂಡ ಶಾಲೋಮ. ಬೆಳಿಗ್ಗೆ ಸಂಜೆ ಸಾಲಿ ವ್ಯಾನು ಓಡಿಸಿ, ನಡುವಿನ ಹೊತ್ತಿನಲ್ಲಿ ಬ್ಯಾನರು ತಲುಪಿಸುವುದು ಅವನ ಪಾಲು. ಐತವಾರದ ಮಟನ್ ಸಾರಿನ ಜೊತೆ ಅವನು ಈ ಮಾತನ್ನೂ ಬಡಿಸಿಕೊಳ್ಳುತ್ತಿದ್ದ.

"ಅವ್ವ, ದಿನಾ ಐದು ನಿಮಿಷ ಕೊಡ್ರಿ ಅಂತ ಮಕ್ಸೂದ ಹೇಳ್ಯಾನ. ದಿನಾ ಅಂದ್ರ ಅದರಾಗ ಐತವಾರ ಬರೂದಿಲ್ಲೇನು?"

"ನಿನ್ನ ಮಕ್ಸೂದ ಶುಕ್ರವಾರ ನಮಾಜಿನ ಹೊತ್ತಿನಾಗ ಫೋನ್ ಎತ್ತತಾನೇನು?"

"ಎತ್ತೂದಿಲ್ಲ."

"ಮತ್ತ? ಅವರವರ ದಿನ ಅವರವರಿಗೆ."

"ಮಷೀನಿಗೆ ಯಾವ ದಿನ ಗೊತ್ತದ ಅವ್ವ?"

"ಇಬ್ಬರ ಮಾತೂ ಬರೋಬ್ಬರಿ ಅದ," ಎನ್ನುತ್ತಿದ್ದರು ತಿಮೋಥಿ ಮಾಸ್ತರರು. "ಆದ್ರ ರೊಟ್ಟಿ ಆರಲಕತ್ಯಾವ."

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಈಸ್ಟರ್ ಬಂತು.

ಆ ಸಲ ಈಸ್ಟರ್ ಆದ ಹತ್ತನೇ ದಿನಕ್ಕೆ ಬಸವ ಜಯಂತಿ. ಭಾಲ್ಕಿಯಲ್ಲಿ ಬಸವ ಜಯಂತಿ ಎಂದರೆ ಬ್ಯಾನರಿನವರಿಗೆ ಸುಗ್ಗಿ. ಭಾತಂಬ್ರಾದ ದಿಲೀಪ ತನ್ನ ಊರಿನ ಯುವಕರ ಪರವಾಗಿ ಬಂದು ಮೆರವಣಿಗೆಗೆ ಮೂವತ್ತು ಬ್ಯಾನರು ಹೇಳಿಹೋಗಿದ್ದ. ಜೆಮಿಮಾಗೆ ಅಷ್ಟು ದೊಡ್ಡ ಕೆಲಸ ಬಂದದ್ದು ಅದೇ ಮೊದಲು. ಹಬ್ಬ ಮುಗಿಸಿ ಮಂಗಳವಾರದಿಂದ ಶುರು ಮಾಡುವುದೆಂದು ಮಾತಾಗಿತ್ತು.

ಹಬ್ಬದ ಮುಂಚಿನ ಬೇಸ್ತವಾರ ಜೆಮಿಮಾ ನಾಲ್ಕು ಗಂಟೆಗೆ ಮಷೀನು ನಿಲ್ಲಿಸಿ, ಸ್ಪಂಜು ಹಸಿ ಮಾಡಿ, ಹೆಡ್ಡು ಅದರ ಮೇಲೆ ಕೂರಿಸಿ, ಹೆಂಗಸರ ಜೊತೆ ಚರ್ಚಿನ ನೆಲ ತೊಳೆಯಲು ಹೋದಳು. ಮನೆಯಲ್ಲಿ ಸಿಸ್ಟರು ಕಸಬರಿಗೆ ಹಿಡಿದಿದ್ದರು. ಹಬ್ಬದ ಮನೆ, ಒಂದು ಮೂಲೆಯೂ ಹೊಲಸಿರಬಾರದು. ಅಡುಗೆಮನೆ, ಪಡಸಾಲೆ, ಮಾಸ್ತರರ ಪುಸ್ತಕದ ಕಪಾಟು ಎಲ್ಲ ಮುಗಿಸಿ ಮುಂಗೋಣೆಗೆ ಬಂದರು. ಮಷೀನಿನ ಬಲಗಡೆಯ ತಟ್ಟೆಯಲ್ಲಿ ಹೆಡ್ಡುಗಳ ಕೆಳಗೆ ಒಂದು ಕರೀ ಸ್ಪಂಜು ಸೋರುತ್ತ ಬಿದ್ದಿತ್ತು. ಹಳೆ ಗಾಯದ ಪಟ್ಟಿಯ ಹಾಗೆ ಕಂಡಿತು ಅವರಿಗೆ. ಮೂವತ್ತೊಂದು ವರ್ಷ ಬೀದರಿನ ಮಿಶನ್ ದವಾಖಾನೆಯಲ್ಲಿ ಹಸಿ ಪಟ್ಟಿ ಕಂಡಲ್ಲೆಲ್ಲ ಬಿಚ್ಚಿ ಒಗೆದ ಕೈ ಅದು, ಸುಮ್ಮನಿರಲಿಲ್ಲ. ಸ್ಪಂಜನ್ನು ಮೆಲ್ಲಗೆ ಎಳೆದು ತೆಗೆದರು. ದವಾಖಾನೆಯಿಂದ ಬಂದ ರೂಢಿಯಂತೆ ತಾವು ಕೈ ತೊಳೆಯುವ ಕೆಂಪು ಸಾಬೂನಿನಿಂದ ಏಳು ನೀರಿನಲ್ಲಿ ತೊಳೆದರು. ಮಾಳಿಗೆಯ ಮೇಲೆ ತಮ್ಮ ಬಿಳಿ ಸೀರೆಯ ಮಗ್ಗುಲಲ್ಲಿ ಒಂದು ನೀಲಿ ಕ್ಲಿಪ್ಪು ಹಾಕಿ ಒಣಗಬಿಟ್ಟರು. ಒಣಗಿದ ಮೇಲೆ ಇಟ್ಟರಾಯಿತು ಎಂದುಕೊಂಡು ಕೋಣೆಗೆ ಬೀಗ ಹಾಕಿದರು. ಶುಭ ಶುಕ್ರವಾರಕ್ಕೆ ಮೂರು ತಾಸಿನ ಆರಾಧನೆ, ಶನಿವಾರಕ್ಕೆ ಹಬ್ಬದ ಅಡುಗೆ, ಐತವಾರ ನಸುಕಿನಲ್ಲಿ ಸಮಾಧಿಗಳ ನಡುವೆ ಪ್ರಾರ್ಥನೆ. ಸೀರೆ ಕೆಳಗೆ ಬಂತು, ಸ್ಪಂಜು ಮರೆತುಹೋಯಿತು.

ಐತವಾರ ಮಧ್ಯಾಹ್ನ ಶಾಲೋಮ, ಜೆಮಿಮಾ ಔರಾದಿಗೆ, ಆಕೆಯ ತವರಿಗೆ ಹೋದರು. ಬಂದದ್ದು ಸೋಮವಾರ ಸಂಜೆ. ಮುಚ್ಚಿದ ಕೋಣೆ ಏಪ್ರಿಲ್ ಬಿಸಿಲಿಗೆ ನಾಲ್ಕೂವರೆ ದಿನ ಒಲೆಯ ಹಾಗೆ ಕಾಯಿತು.

ಮಂಗಳವಾರ ಬೆಳಿಗ್ಗೆ ಜೆಮಿಮಾ ಟೆಸ್ಟ್ ತೆಗೆದಳು. ಹಳದಿ ಅರ್ಧ ಬಂತು. ನೀಲಿ ಹರಕು ಮುರುಕಾಗಿ ಬಂತು. ಕೆಂಪು, ಕಪ್ಪು ಇರಬೇಕಾದಲ್ಲಿ ಖಾಲಿ ಕಾಗದ. ಇನ್ನೊಮ್ಮೆ ತೆಗೆದಳು, ಅದೇ. ಬಗ್ಗಿ ತಟ್ಟೆ ನೋಡಿದಳು. ಸ್ಪಂಜೇ ಇರಲಿಲ್ಲ. ಬೇಸ್ತವಾರ ತಾನು ಕೈಯಾರೆ ಹಸಿ ಮಾಡಿದ್ದು ಚೆನ್ನಾಗಿ ನೆನಪಿತ್ತು. ಒರೆಸುವ ಬಟ್ಟೆ ತರಲು ಮಾಳಿಗೆ ಹತ್ತಿದವಳಿಗೆ ಹಗ್ಗದ ಮೇಲೆ ಅದು ಕಂಡಿತು, ಖಡಕ್ ರೊಟ್ಟಿಯಂತೆ ಸೆಟೆದು ನಿಂತಿತ್ತು. ಮೇಲೆ ನೀಲಿ ಕ್ಲಿಪ್ಪು. ಮನೆಯಲ್ಲಿ ನೀಲಿ ಕ್ಲಿಪ್ಪು ಇದ್ದದ್ದು ಅತ್ತೆಯ ಹತ್ತಿರ ಮಾತ್ರ. ಎಣಿಸಿ ಆರು, ಯಾವಾಗಲೂ ಅವರ ಕೋಣೆಯ ಮೊಳೆಗೆ ಸಾಲಾಗಿ ನೇತಾಡುತ್ತಿದ್ದವು.

ಜೆಮಿಮಾ ಅಲ್ಲೇ ಬಿಸಿಲಿನಲ್ಲಿ ನಿಂತಳು. ಸಿಟ್ಟು ಬರಲಿಲ್ಲವೆಂದರೆ ಸುಳ್ಳಾಗುತ್ತದೆ, ಬಂತು. ಆದರೆ ಅದರ ಬೆನ್ನಿಗೇ ಮೂರು ವರ್ಷದ ಹಿಂದಿನ ಜ್ವರ ನೆನಪಾಯಿತು. ಟೈಫಾಯಿಡು ಬಂದು ಆಕೆ ಇಪ್ಪತ್ತೊಂದು ದಿನ ಮಲಗಿದಾಗ ಈ ಅತ್ತೆ ಮಂಚದ ಬದಿಗೆ ಚಾಪೆ ಹಾಕಿಕೊಂಡು ಮಲಗಿದ್ದರು. ಬಾಯಿಗೆ ಗಂಜಿ ಇಟ್ಟಿದ್ದರು, ತಲೆ ಬಾಚಿದ್ದರು, ಬೆಡ್‌ಪ್ಯಾನು ತೊಳೆದಿದ್ದರು. ಅದರ ಸುದ್ದಿಯನ್ನು ಆಮೇಲೆ ಒಂದು ದಿನವೂ ಎತ್ತಿರಲಿಲ್ಲ. ಈಗ ಈ ಕ್ಲಿಪ್ಪು ಶಾಲೋಮನ ಕಣ್ಣಿಗೆ ಬಿದ್ದರೆ ಮನೆ ಎರಡು ಪಾಲು. ಬೀಗದ ಸಿಟ್ಟೂ ಸೇರಿಸಿ ತಾಯಿಯ ಮೇಲೆ ಹಾರಿಬೀಳುತ್ತಾನೆ. ಆಕೆ ಕ್ಲಿಪ್ಪು ಬಿಚ್ಚಿ, ಸ್ಪಂಜು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದು ಬಂದು, ಅತ್ತೆ ಹಿತ್ತಲಲ್ಲಿದ್ದಾಗ ಅದನ್ನು ಮೊಳೆಗೆ ಸಿಕ್ಕಿಸಿದಳು.

ಮುಂಗೋಣೆಯಲ್ಲಿ ಶಾಲೋಮ ಟೆಸ್ಟಿನ ಕಾಗದ ಹಿಡಿದು ನಿಂತಿದ್ದ.

"ಇದೇನು?"

"ಹೆಡ್ ಒಣಗ್ಯಾವರಿ."

"ಸ್ಪಂಜು ಎಲ್ಲಿ ಅದ?"

"ನಾನ ತೊಳದು ಒಣಗ ಹಾಕಿದ್ದೆ. ತಿರುಗಿ ಇಡೂದು ಮರತೆ."

"ಮರತಿ? ನಾಲ್ಕು ದಿನ? ದಿಲೀಪಗ ಏನು ಹೇಳಲಿ, ಮರತೇವಿ ಅಂತ ಹೇಳಲೇನು? ಸೀರಿ ಮಡಚಾಕಿಗೆ ಮಷೀನ್ ಯಾಕ ಬೇಕು ಅಂತ ಮಂದಿ ಅಂದ್ರು, ನಾನ ಕೇಳಲಿಲ್ಲ."

ಜೆಮಿಮಾ ತಲೆ ತಗ್ಗಿಸಿದಳು. ಉಳಿದದ್ದೆಲ್ಲ ನುಂಗಬಹುದಿತ್ತು, ಸೀರೆಯ ಮಾತು ಮಾತ್ರ ನುಂಗಲಾಗಲಿಲ್ಲ.

ಹಿತ್ತಲಿನಿಂದ ಒಳಗೆ ಬರುತ್ತಿದ್ದ ಸಿಸ್ಟರಿಗೆ ಎಲ್ಲ ಕೇಳಿಸಿತು. ತೊಗರಿ ಕೇರುತ್ತಿದ್ದ ಮೊರ ಕೆಳಗಿಟ್ಟು ಮಾಳಿಗೆ ಹತ್ತಿದರು. ಹಗ್ಗದ ಮೇಲೆ ಏನೂ ಇರಲಿಲ್ಲ. ಇಳಿದು ತಮ್ಮ ಕೋಣೆಗೆ ಹೋದರು. ಬೆಳಿಗ್ಗೆ ಐದಿದ್ದ ಕ್ಲಿಪ್ಪು ಈಗ ಆರಾಗಿದ್ದವು. ಮಂಚದ ಮೇಲೆ ಕುಳಿತರು. ಮೂವತ್ತೊಂದು ವರ್ಷದಲ್ಲಿ ಅವರ ಕೈಯಿಂದ ಒಂದು ಗುಳಿಗೆಯೂ ತಪ್ಪಿ ಹೋಗಿರಲಿಲ್ಲ. ಆ ಮಾತನ್ನು ಅವರು ಊರಿಗೆಲ್ಲ ಹೇಳಿದ್ದರು ಕೂಡ. ಈಗ ಎದ್ದು ಹೋಗಿ ಮಗನ ಮುಂದೆ ಎರಡು ಮಾತು ಹೇಳಬೇಕಿತ್ತು. ಹೋಗಲಿಲ್ಲ.

ಮಧ್ಯಾಹ್ನ ಮಕ್ಸೂದ ಬೀದರಿನಿಂದ ಗಾಡಿ ಹೊಡೆದುಕೊಂಡು ಬಂದ. ನೋಡಿದ, ಮೂಸಿದ, ತಲೆ ಕೆರೆದ.

"ಎರಡು ಹೆಡ್ ಬೇಹೋಶ್ ಆಗ್ಯಾವ ಅಕ್ಕಾ. ಸತ್ತಾವ ಅಂತ ನಾ ಹೇಳೂದಿಲ್ಲ. ಏಳಲಿಲ್ಲ ಅಂದ್ರ ಹೊಸಾವು ಹಾಕಬೇಕು, ಭಾಳ ತುಟ್ಟಿ. ಅದಕ್ಕಿಂತ ಮಷೀನ್ ಮಾರೂದೇ ಚಲೋ ಬೀಳತದ ನಿಮಗ. ತೊಗೊಳ್ಳಾವ್ರು ಬೀದರಿನಾಗ ಇದ್ದಾರ."

ಜೆಮಿಮಾಗೆ ಕಣ್ಣ ಮುಂದೆ ಏಳೂವರೆ ಬಸ್ಸು ಬಂದು ನಿಂತಂತಾಯಿತು.

ಮಕ್ಸೂದ ಉಪಾಯ ತೋರಿಸಿದ. ಹೆಡ್ಡಿನ ಕೆಳಗೆ ತೊಳೆಯುವ ದ್ರಾವಣದ ಹಸಿ ಬಟ್ಟೆ. ಮೇಲಿನ ಕೊಳವೆಗೆ ಸಿರಿಂಜು ಸಿಕ್ಕಿಸಿ ಅದೇ ದ್ರಾವಣ ಹನಿ ಹನಿಯಾಗಿ ಇಳಿಸುವುದು, ಎರಡು ತಾಸಿಗೊಮ್ಮೆ. "ಜೋರ ಮಾಡಿದ್ರಿ ಅಂದ್ರ ಒಳಗಿನ ಪೊರಿ ಹರೀತದ, ಆಮ್ಯಾಲ ಕಥಿ ಖತಂ. ನನಗ ಹುಮನಾಬಾದಿನಾಗ ಎರಡು ಮಷೀನ್ ಅವ, ಶನಿವಾರ ಬರ್ತೇನಿ. ಅಲ್ಲೀತನ ನೀವು ಮಾಡಬೇಕು."

ಜೆಮಿಮಾ ಸಿರಿಂಜು ಹಿಡಿದಳು. ಒತ್ತಿದ ರಭಸಕ್ಕೆ ಒಮ್ಮೆಲೇ ಅರ್ಧ ಇಳಿಯಿತು.

"ಹಂಗಲ್ಲ ಹಿಡಿಯೂದು. ಕೊಡು ಇಲ್ಲಿ."

ಬಾಗಿಲಲ್ಲಿ ಸಿಸ್ಟರು ನಿಂತಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು, ಸಿರಿಂಜು ಎತ್ತಿ ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ ಗಾಳಿಯ ಗುಳ್ಳೆ ಹೊರಗೆ ಹಾಕಿದರು. ಕೊಳವೆಗೆ ಸಿಕ್ಕಿಸಿ ಹೆಬ್ಬೆರಳು ಇಟ್ಟರು. ಹೆಬ್ಬೆರಳು ಸರಿದದ್ದು ಕಾಣಲಿಲ್ಲ, ಹನಿ ಮಾತ್ರ ಬಿತ್ತು.

"ಅಮ್ಮಾ, ನೀವು ಡಾಕ್ಟರ್ ಏನ್ರಿ?" ಎಂದ ಮಕ್ಸೂದ.

"ಸಿಸ್ಟರ್. ಬೀದರಿನ ಅರ್ಧ ಮಂದಿ ನನ್ನ ಕೈಯಾಗ ಹುಟ್ಯಾರ. ನೀನೂ ಹುಟ್ಟಿರಬೇಕು."

"ಇಲ್ಲರಿ ಅಮ್ಮಾ, ನಾ ಜಹೀರಾಬಾದಿನಾಗ ಹುಟ್ಟೇನಿ."

"ಹಂಗಾದ್ರ ನಿನ್ನ ತಪ್ಪಲ್ಲ ಬಿಡು," ಎಂದರು ಸಿಸ್ಟರು, ಕಣ್ಣು ಸಿರಿಂಜಿನಿಂದ ತೆಗೆಯದೆ.

ಅಂದಿನಿಂದ ಮುಂಗೋಣೆ ವಾರ್ಡಾಯಿತು. ಹಳೆ ಕ್ಯಾಲೆಂಡರಿನ ಬೆನ್ನಿಗೆ ಸಿಸ್ಟರು ಚಾರ್ಟು ಗೀಚಿದರು: ಗಂಟೆ, ಎಷ್ಟು ದ್ರಾವಣ, ಎಷ್ಟು ಗೆರೆ ಬಂತು. ಗೆರೆ ಎಣಿಸುವ ಕೆಲಸ ತಿಮೋಥಿ ಮಾಸ್ತರರಿಗೆ. ಅವರು ಭೂತಗನ್ನಡಿ ಹಿಡಿದು, ಕಾಣದ ಗೆರೆಗಳಿದ್ದಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿ, ಕೆಳಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುತ್ತಿದ್ದರು. ಮಂಗಳವಾರ ರಾತ್ರಿ ಕಪ್ಪಿಗೆ ಸೊನ್ನೆ, ಕೆಂಪಿಗೆ ಮೂರು. ಬುಧವಾರ ಬೆಳಿಗ್ಗೆ ಕೆಂಪಿಗೆ ಹನ್ನೊಂದು.

"ಪಾಸ್ ಆಗಬೇಕಾದ್ರ ಮೂವತ್ತೈದು ಬೇಕು," ಎಂದರು ಮಾಸ್ತರರು. "ಜೆಮಿಮಾ, ನಿಮ್ಮತ್ತಿ ನನ್ನ ಜ್ವರಕ್ಕೂ ಇಷ್ಟು ಚಾರ್ಟ್ ಬರದಿದ್ದಿಲ್ಲ ನೋಡು."

"ನಿಮ್ಮ ಜ್ವರ ಬರೇ ಸಾಲಿ ತಪ್ಪಸೂ ಜ್ವರ," ಎಂದರು ಸಿಸ್ಟರು.

ಅಡುಗೆ ಮಾಸ್ತರರ ಪಾಲಿಗೆ ಬಂತು. ಅವರಿಗೆ ಬರುತ್ತಿದ್ದದ್ದು ಅನ್ನ ಮತ್ತು ಕಡಲೆ ಹಿಟ್ಟಿನ ಪಿಟ್ಲ. ಮೂರು ದಿನ ಮನೆಮಂದಿ ಪಿಟ್ಲ ಉಂಡರು. ಶಾಲೋಮ ಮಾತಿಲ್ಲದೆ ಉಂಡು, ತಟ್ಟೆ ತೊಳೆದಿಟ್ಟು, ವ್ಯಾನಿಗೆ ಹೋಗುತ್ತಿದ್ದ. ಹೆಂಡತಿಯ ಕಡೆ ನೋಡುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ, ಮುಂದಿನ ಹನಿಯ ಹೊತ್ತು ಕಾಯುತ್ತ ಅತ್ತೆ ಸೊಸೆ ಇಬ್ಬರೇ ಕುಳಿತಿದ್ದಾಗ ಸಿಸ್ಟರು ಕೇಳಿದರು.

"ಸ್ಪಂಜು ನೀನ ತೊಳದೇನು?"

"ಹೌದ್ರಿ ಅತ್ತಿ."

"ಯಾವ ಸಾಬಾಣ ಹಚ್ಚಿದಿ?"

"ಬಟ್ಟಿ ಸಾಬಾಣರಿ."

ಸ್ಪಂಜಿನಿಂದ ಇನ್ನೂ ಕೆಂಪು ಸಾಬೂನಿನ ವಾಸನೆ ಬರುತ್ತಿತ್ತು. ಸಿಸ್ಟರು "ಹ್ಞೂ" ಎಂದು ಚಾರ್ಟು ಎಳೆದುಕೊಂಡು, ಬರೆಯಲು ಏನೂ ಇಲ್ಲದಿದ್ದರೂ ಬಹಳ ಹೊತ್ತು ಪೆನ್ನು ಹಿಡಿದು ಕುಳಿತರು.

ಬೇಸ್ತವಾರ ರಾತ್ರಿ ಊಟಕ್ಕೆ ಕುಳಿತಾಗ ಶಾಲೋಮ ಬಾಯಿ ಬಿಟ್ಟ. "ಬೀದರಿನ ಮನುಷ್ಯಾನ ಜೋಡಿ ಮಾತಾಡೇನಿ. ಮಷೀನ್ ಇದ್ದಂಗ ತೊಗೊಂಡು ಹೋಗ್ತಾನಂತ. ದಿಲೀಪಗೂ ನಾಳೆ ಹೇಳಿಬಿಡ್ತೇನಿ."

ಜೆಮಿಮಾ ತುತ್ತು ಕೆಳಗಿಟ್ಟಳು.

"ಕೆಂಪು ಅರವತ್ತು ಬಂದದ," ಎಂದರು ಸಿಸ್ಟರು. "ಕಪ್ಪು ಇವತ್ತು ಮುಂಜಾನಿ ಕಣ್ಣು ಬಿಟ್ಟದ. ಪೇಶಂಟ್ ಉಸಿರಾಡೂತನ ಮನ್ಯಾಗ ಮಾರೂ ಮಾತು ತೆಗೀಬ್ಯಾಡ."

"ತಪ್ಪು ಮಾಡಿದಾಕಿ ಸುಮ್ಮ ಕುಂತಾಳ, ನೀವ್ಯಾಕ ಸಿಟ್ಟಿಗೇಳ್ತೀರಿ ಅವ್ವ?"

ಸಿಸ್ಟರು ಮಗನ ಮುಖ ನೋಡಿದರು. ಬಾಯಿ ತೆರೆದರು. "ಉಣ್ಣು," ಎಂದರು ಅಷ್ಟೇ.

ಶುಕ್ರವಾರ ಸಂಜೆಗೆ ಮಾಸ್ತರರ ಕೆಂಪು ಪೆನ್ನಿಗೆ ಕೆಲಸ ಕಡಿಮೆಯಾಯಿತು. ಕಪ್ಪಿನಲ್ಲಿ ಒಂದೇ ಒಂದು ಗೆರೆ ಬರುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ ಮಕ್ಸೂದ ಬಂದು ಕಾಗದ ನೋಡಿ, "ಒಂದು ಹಲ್ಲು ಹೋದ್ರ ಮುದುಕ ರೊಟ್ಟಿ ತಿನ್ನೂದು ಬಿಡ್ತಾನೇನು?" ಎಂದ. ತೊಳೆಯುವಾಗ ಸಡಿಲಾಗಿದ್ದ ಹೆಡ್ಡುಗಳನ್ನು ಬಿಗಿ ಮಾಡಿ ದೂರ ಸರಿದು ನಿಂತ.

"ಮುಂದಿನ ಕೆಲಸ ನಿಮ್ಮದು ಅಕ್ಕಾ. ನಾ ಕೈ ಹಚ್ಚೂದಿಲ್ಲ. ಪ್ರತಿ ಸಲ ನಾ ಎಲ್ಲಿ ಬರಲಿ?"

ಹೆಡ್ಡು ಅತ್ತ ಹೋಗುವಾಗಲೂ ಇತ್ತ ಬರುವಾಗಲೂ ಗೆರೆ ಒಂದರ ಮೇಲೊಂದು ಕೂರಬೇಕು. ನಾಲ್ಕು ಬಣ್ಣ ಒಂದೇ ಜಾಗಕ್ಕೆ ಬೀಳಬೇಕು. ಜೆಮಿಮಾ ಮುದ್ರಿಸಿ, ನೋಡಿ, ಮಷೀನಿನ ಅಂಕಿ ಬದಲಿಸಿ, ಮತ್ತೆ ಮುದ್ರಿಸಿ ಅದನ್ನು ಕೂರಿಸಿದಳು. ಕೊನೆಗೆ ಉಳಿದದ್ದು ಬ್ಯಾನರಿನ ಬಟ್ಟೆ ಮುಂದೆ ಸರಿಯುವ ಅಳತೆ. ಜಾಸ್ತಿ ಸರಿದರೆ ಎರಡು ಪಟ್ಟಿಯ ನಡುವೆ ಬಿಳಿ ಗೆರೆ, ಕಡಿಮೆ ಸರಿದರೆ ಕರಿ ಗೆರೆ. ಮೊದಲ ತುಂಡಿಗೆ ಬಿಳಿ ಗೆರೆ ಬಂತು. ಅಂಕಿ ಇಳಿಸಿದಳು, ಕರಿ ಗೆರೆ. ಸ್ವಲ್ಪ ಏರಿಸಿದಳು, ಕೂದಲೆಳೆಯಷ್ಟು ಬಿಳಿ. ನಾಲ್ಕನೆಯ ತುಂಡು ಹೊರಗೆ ಬಂದಾಗ ಮಾಸ್ತರರು ಅದನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದು, ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. ತಪ್ಪು ಹುಡುಕಿ ಸಿಗದೆ ಸ್ವಲ್ಪ ಬೇಜಾರೂ ಆದಂತಿತ್ತು. ಮೂಲೆಯಲ್ಲಿ "ಬರೋಬ್ಬರಿ" ಎಂದು ಬರೆದು ಸಹಿ ಹಾಕಿದರು.

"ನಾ ಬಂದಿದ್ದೇ ಬೇಕಿದ್ದಿಲ್ಲ," ಎಂದು ಮಕ್ಸೂದ ನಕ್ಕು ಚಹಾ ಕುಡಿದು ಹೋದ. ಜೆಮಿಮಾ ಮುಖ ಆ ಕಡೆ ತಿರುಗಿಸಿ ಕಣ್ಣು ಒರೆಸಿಕೊಂಡಳು.

ಸಂಜೆ ಏಳಕ್ಕೆ ಹದಿನಾಲ್ಕು ಬ್ಯಾನರು ಮುಗಿದಿದ್ದವು. ಸಿಸ್ಟರು ಬೀಗ ಹಿಡಿದು ಬಂದರು.

"ಅವ್ವ, ಇವತ್ತೂ ಹಾಕ್ತೀರೇನು?" ಎಂದ ಶಾಲೋಮ. "ಒಂದು ಐತವಾರ ಬಿಟ್ರ ಪರಲೋಕ ತಪ್ಪತದೇನು? ನಾಳೆ ಒಣಗಿದ್ರ ಸೋಮವಾರ ಮತ್ತ ಇದೇ ಹಾಡು."

ಸಿಸ್ಟರು ಬೀಗ ಹಾಕಿ ಎರಡು ಸಲ ಜಗ್ಗಿದರು. ಶಾಲೋಮ ಊಟ ಬಿಟ್ಟು ಮಾಳಿಗೆಗೆ ಹೋಗಿ ಮಲಗಿದ.

ಮರುದಿನ ಜೆಮಿಮಾ ಎದ್ದಾಗ ಮೂಗಿಗೆ ದ್ರಾವಣದ ವಾಸನೆ ಬಡಿಯಿತು. ಮುಂಗೋಣೆಯ ಬಾಗಿಲು ತೆರೆದಿತ್ತು. ಚರ್ಚಿಗೆಂದು ಉಟ್ಟ ಬಿಳಿ ಸೀರೆಯ ಮೇಲೆ ಹಳೆ ಪ್ಲಾಸ್ಟಿಕ್ ಏಪ್ರನ್ ಕಟ್ಟಿಕೊಂಡು ಸಿಸ್ಟರು ಹೆಡ್ಡು ಒರೆಸುತ್ತಿದ್ದರು. ಮಾಸ್ತರರು ಟೆಸ್ಟಿನ ಕಾಗದ ಹಿಡಿದು ಕುಳಿತಿದ್ದರು.

"ಅತ್ತಿ?"

"ಪ್ರಿಂಟ್ ಇಲ್ಲ," ಎಂದರು ಸಿಸ್ಟರು. "ಬರೇ ತೊಳಿಯೂದು, ಒರಸೂದು. ಗಿರಾಕಿ ಇಲ್ಲ, ದುಡಿಮಿ ಇಲ್ಲ. ಮೂವತ್ತೊಂದು ವರ್ಷ ದವಾಖಾನ್ಯಾಗ ಐತವಾರ ಡ್ಯೂಟಿ ಮಾಡೇನಿ. ಯಾಕ ಬಂದಿ ಅಂತ ಕರ್ತ ಒಂದ ಸಲನೂ ಕೇಳಲಿಲ್ಲ. ಅದು ನನಗ ಈ ವಯಸ್ಸಿನಾಗ ನೆನಪಾತು ನೋಡು."

ಮಾಳಿಗೆಯಿಂದ ಇಳಿದು ಬಂದ ಶಾಲೋಮ ಬಾಗಿಲಲ್ಲಿ ನಿಂತು ನೋಡಿದ. ಹೋಗಿ ನಾಲ್ಕು ಕಪ್ಪು ಚಹಾ ಮಾಡಿ ತಂದ.

ಸೋಮವಾರ ಆ ಒಂದು ಹಲ್ಲು ಬಿಟ್ಟರೆ ಬೇರೆ ಗೆರೆ ತಪ್ಪಿರಲಿಲ್ಲ. ಮಂಗಳವಾರ ಮಧ್ಯಾಹ್ನಕ್ಕೆ ಮೂವತ್ತೂ ಬ್ಯಾನರು ಮುಗಿದವು. ದಿಲೀಪ ಬಂದು ಒಂದನ್ನು ಅಂಗಳದಲ್ಲಿ ಹಾಸಿ, ಸುತ್ತು ಹಾಕಿ ನೋಡಿದ. "ಅಕ್ಕಾರ, ಹೋದ ಸಲ ಬ್ಯಾರೆ ಕಡೆ ಮಾಡಿಸಿದ್ದೇವ್ರಿ, ನಡುವ ಪಟ್ಟಿ ಪಟ್ಟಿ ಕಾಣತಿತ್ತು. ಇದು ಒಂದೇ ಬಟ್ಟಿ ಇದ್ದಂಗ ಅದ. ನಮ್ಮೂರಿನ ಲಗ್ನದ್ದೆಲ್ಲ ಇನ್ನ ನಿಮ್ಮ ಕಡೆನೇ." ಜಯಂತಿಯ ದಿನ ಮಾಸ್ತರರು ಚೌಕದಲ್ಲಿ ನಿಂತು ಮೆರವಣಿಗೆ ಮುಗಿಯುವವರೆಗೂ ನೋಡಿದರು. ಮನೆಗೆ ಬಂದು ಮೂವತ್ತಕ್ಕೆ ಮೂವತ್ತು ಎಂದರು.

ಮುಂದಿನ ಐತವಾರ ಚರ್ಚಿನಲ್ಲಿ ಸ್ತೋತ್ರ ಕಾಣಿಕೆಯ ಹೊತ್ತು. ದೇವರಿಗೆ ಉಪಕಾರ ಹೇಳಬೇಕೆನ್ನುವವರು ಲಕೋಟೆಯಲ್ಲಿ ಕಾಣಿಕೆ ಇಟ್ಟು, ಜೊತೆಗೆ ಕಾರಣ ಬರೆದ ಚೀಟಿ ಹಾಕುತ್ತಾರೆ. ಸಭಾಪಾಲಕರು ಅದನ್ನು ಎಲ್ಲರ ಮುಂದೆ ಓದುತ್ತಾರೆ. ಹುಟ್ಟುಹಬ್ಬ, ಮೊಮ್ಮಗನ ಪರೀಕ್ಷೆ, ಹೊಸ ಗಾಡಿ. ಹೆಂಗಸರ ಕಡೆ ಜೆಮಿಮಾ ಅತ್ತೆಯ ಮಗ್ಗುಲಲ್ಲಿ ಕುಳಿತಿದ್ದಳು. ಗಂಡಸರ ಕಡೆ ಶಾಲೋಮ, ಮಾಸ್ತರರು.

"ಸಹೋದರಿ ಮಾರ್ಗರೆಟ್ ಅವರ ಕಾಣಿಕೆ," ಎಂದು ಓದತೊಡಗಿದ ಸಭಾಪಾಲಕರು ತಡೆದು, ಕನ್ನಡಕ ಸರಿ ಮಾಡಿಕೊಂಡರು. "ಹಬ್ಬದ ಮುಂಚೆ ಮಷೀನಿನ ಸ್ಪಂಜು ತೊಳೆದು ಮಾಳಿಗೆಯ ಮೇಲೆ ಒಣಗಿಸಿ ಮರೆತವಳು ನಾನು. ಅದಕ್ಕೆ ಬೈಸಿಕೊಂಡವಳು ನನ್ನ ಸೊಸೆ ಜೆಮಿಮಾ. ಆಕೆಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತಪ್ಪು ತನ್ನ ಮೇಲೆ ಹಾಕಿಕೊಂಡು ನನ್ನ ಮಾನ ಕಾಯ್ದಳು. ಇಂಥ ಮಗಳನ್ನು ನನ್ನ ಮನೆಗೆ ಕಳಿಸಿದ್ದಕ್ಕೆ ದೇವರಿಗೆ ಸ್ತೋತ್ರ."

ಸ್ಪಂಜಿನ ವಿಚಾರ ಸಭೆಗೆ ತಿಳಿಯಲಿಲ್ಲ. ಆದರೂ ಎಲ್ಲರೂ "ಸ್ತೋತ್ರ" ಎಂದರು. ಗಂಡಸರ ಕಡೆ ಶಾಲೋಮ ಹಾಡಿನ ಪುಸ್ತಕ ಎತ್ತಿ ಮುಖಕ್ಕೆ ಹಿಡಿದ. ಪುಸ್ತಕ ತಲೆಕೆಳಗಾಗಿತ್ತು, ಮಾಸ್ತರರು ಅದನ್ನು ಮೆಲ್ಲಗೆ ತಿರುಗಿಸಿ ಕೊಟ್ಟರು. ಅವನು ಪುಸ್ತಕದ ಮೇಲಿನಿಂದ ಹೆಂಡತಿಯ ಕಡೆ ನೋಡಿದ, ಬಹಳ ಹೊತ್ತು ನೋಡಿದ. ಜೆಮಿಮಾಳ ನೀರು ತುಂಬಿದ ಕಣ್ಣಿಗೆ ಅದು ಸರಿಯಾಗಿ ಕಾಣಿಸಲೇ ಇಲ್ಲ.

"ಇಷ್ಟು ಮಂದಿ ಮುಂದ ಯಾಕ ಹೇಳಿಸಿದ್ರಿ ಅತ್ತಿ?" ಎಂದು ಪಿಸುಗುಟ್ಟಿದಳು.

"ಮನ್ಯಾಗ ನಾಲ್ಕು ಸಲ ಹೇಳಲಿಕ್ಕೆ ನೋಡಿದೆ. ಬಾಯಿಗೆ ಬರಲಿಲ್ಲ."

ಸಿಸ್ಟರು ಮುಂದೆ ನೋಡುತ್ತಲೇ ಬೈಬಲ್ಲಿನ ಚೀಲದೊಳಗೆ ಕೈ ಹಾಕಿ, ಮುಂಗೋಣೆಯ ಕೀಲಿಯನ್ನು ತೆಗೆದು ಸೊಸೆಯ ಅಂಗೈಯಲ್ಲಿಟ್ಟು ಬೆರಳು ಮಡಚಿದರು.

"ಇಟ್ಕೊ. ಆರು ದಿನ ನಿಂದು."

"ಐತವಾರರಿ?"

"ಐತವಾರ ನೀ ಮಲಕೊ. ಅವತ್ತು ನನ್ನ ಡ್ಯೂಟಿ."